ಕರಡಿಗೆ ಎದುರು

ತಿಕೋಟಾದ ಹೆಣ್ಣುಮಕ್ಕಳ ಶಾಲೆಯ ಪಡುವಣ ಗೋಡೆ.
ಮೇ ತಿಂಗಳು. ಇಟ್ಟ ಕೈ ಸುಡುತ್ತದೆ.
ಬಂದೂ ಪೇಂಟರ್ ಮೂರು ದಿನದಿಂದ ಜಗತ್ತು ಬರೆಯುತ್ತಿದ್ದಾನೆ:
ಏಷ್ಯಾಕ್ಕೆ ಅರಿಸಿನ, ಆಫ್ರಿಕಾಕ್ಕೆ ಕಾವಿ,
ಸಮುದ್ರಕ್ಕೆ ನೀಲಿ ಸಾಲದೆ
ಯಾರದೋ ಲಗ್ನದ ಮನೆ ಬಾಗಿಲಿಗೆ ಹಚ್ಚಿ ಉಳಿದ ಹಸಿರು ಬೆರೆಸಿ.

ಎಲ್ಲಕ್ಕೂ ಕೆಳಗೆ, ಹುಡುಗಿಯರು ಬೆನ್ನು ಒರಗಿಸುವ ಎತ್ತರದಲ್ಲಿ,
ಒಂದು ಖಂಡಕ್ಕೆ ಮಾತ್ರ ಅವನು ಬಣ್ಣ ಮುಟ್ಟಿಸಲಿಲ್ಲ.
"ಇದು ಗ್ವಾಡಿ ಸುಣ್ಣಾನ ಇರ್ಲಿ ಬಿಡ್ರಿ ಬಾಯಾರ,
ಹೆಂಗೂ ಬರ್ಫ ಅಲ್ಲ."
ಸುತ್ತ ಅಂಚು ಎಳೆದ. ಕೂತ.
"ಹೆಸರು ಹೆಂಗ ಬರೀಲಿ?"

ಹಳೆಯ ನಕಾಶೆಯಲ್ಲಿ ಅಂಟಾರ್ಟಿಕಾ,
ನನ್ನ ಟಿಪ್ಪಣಿಯಲ್ಲಿ ಅಂಟಾರ್ಕಟಿಕ,
ಹೆಡ್‌ಮಾಸ್ತರರು ಕೊಟ್ಟ ಚೀಟಿಯಲ್ಲಿ ಇನ್ನೇನೋ.
ನಡುವೆ ಒಂದು ಕ ಐತಿ, ಬಿಡಬ್ಯಾಡ, ಅಂದೆ.
"ಯಾರ ಬಾಯಾಗೂ ಬರೂದಿಲ್ಲಲ್ರಿ ಅದು?"

ಬರುವುದಿಲ್ಲ. ಕೆಲವು ನೂರು ವರ್ಷ ಬರಹದಲ್ಲೂ ಇರಲಿಲ್ಲ,
ಆಡಿದಂತೆ ಬರೆದರು, ಬಿಟ್ಟುಹೋಯಿತು.
ಮುಂದೆ ಯಾರೋ ಓದಿದವರು ಗ್ರೀಕರ ಹಳೆಯ ಗಂಟು ಬಿಚ್ಚಿ
ಕಳೆದದ್ದನ್ನು ತಂದು ಕೂಡಿಸಿದರು.
"ಅಂಥಾದ್ದೇನೈತ್ರಿ ಆ ಕ-ದಾಗ?"

ಕರಡಿ, ಅಂದೆ.

ಬಡಗಣ ಆಕಾಶದಲ್ಲಿ ನಾವು ಏಳು ಋಷಿಗಳನ್ನು ಕಾಣುವಲ್ಲಿ
ಅವರು ಒಂದು ಕರಡಿಯನ್ನು ಕಂಡರು. ಆರ್ಕ್ಟೋಸ್.
ನಮ್ಮವರೂ ಮೊದಲು ಋಕ್ಷ ಎಂದವರೇ. ಋಕ್ಷ ಎಂದರೂ ಕರಡಿ,
ಒಂದೇ ತಾಯಿಯ ಮಕ್ಕಳು ಆ ಎರಡು ಶಬ್ದ.
ಕರಡಿಯ ಕೆಳಗಿನ ಸೀಮೆ ಆರ್ಕ್ಟಿಕ್.
ಭೂಮಿಯ ಆ ಇನ್ನೊಂದು ತುದಿಗೆ ಏನಿದೆಯೋ
ಯಾರೂ ಕಾಣುವ ಮೊದಲೇ ಹೆಸರು ಹೋಗಿ ಕೂತಿತ್ತು:
ಕರಡಿಗೆ ಎದುರು.

ಅವನು ನನ್ನ ಕೊರಳು ನೋಡಿದ.
"ಕರಡಿಗೆ?"
ಬೆಳ್ಳಿಯದನ್ನು ಅಂಗೈಯಲ್ಲಿ ಮುಚ್ಚಿ ನಕ್ಕುಬಿಟ್ಟೆ.
ಇದಲ್ಲಪಾ, ಅಡವಿದು.

ಅವನು ನಗಲಿಲ್ಲ.
"ಅಲ್ಲಿ ಕರಡಿ ಅದಾವೇನ್ರಿ?"
ಒಂದೂ ಇಲ್ಲ.
"ಮ್ಯಾಲಿನ ಚುಕ್ಕಿ ಕರಡಿನಾರ ಕಾಣ್ತೈತೇನು?"
ಅದೂ ಇಲ್ಲ.
"ಅಂದ್ರ ಇಲ್ಲದ್ದರ ಹೆಸರ ಇಟಗೊಂಡು ಕುಂತೈತಿ."

ಬ್ರಶ್ಶು ಚಿಮಣಿ ಎಣ್ಣೆಯಲ್ಲಿ ಅದ್ದುತ್ತ ಹೇಳಿದ:
ಅವನ ದಾದಾನದೊಂದು ಇತ್ತು, ಗುಲಾಬಿ ಅಂತ.
ಬಬಲೇಶ್ವರದಿಂದ ಜತ್ತಿನ ಸಂತೆಯವರೆಗೆ ನಡೆದದ್ದು.
ಬೆದರಿದ ಕೂಸಿನ ತಾಯತಕ್ಕೆ ಒಂದೆಳೆ ಕೂದಲು, ಎಂಟಾಣೆ.
ಮೂಗಿನ ಹಗ್ಗದ ಗಾಯವನ್ನು ನೊಣ ಬಿಡುತ್ತಿರಲಿಲ್ಲ,
ಅದನ್ನೂ ಹೇಳಿದ, ಮುಚ್ಚಲಿಲ್ಲ.
ಆಮೇಲೆ ಜೀಪು ಬಂತು. ದಾದಾ ಹೆಬ್ಬೆಟ್ಟು ಒತ್ತಿದ.
"ಚಲೋನ ಆತು ಅದಕ್ಕ.
ಗೂಟ ಐತ್ರಿ ಇನ್ನಾ ಅಂಗಳದಾಗ.
ಆಡು ಕಟ್ಟಾಕ ಅಮ್ಮಾ ಬಿಡೂದಿಲ್ಲ."

ಬಿಸಿಲು ಇಳಿದ ಮೇಲೆ ಮೊಣಕಾಲೂರಿ ಬರೆದ.
ಅಂ. ಟಾ.
ಆಮೇಲೆ ಕಿ, ಎರಡು ಕಾಲ ಮೇಲೆ ಎದ್ದು ನಿಂತಂತೆ;
ಪಾದಕ್ಕೆ ಟ-ದ ಒತ್ತು;
ಬಗಲಿಗೆ ಅರ್ಕಾವತ್ತು, ತುದಿ ಬಾಗಿದ ಬಡಿಗೆ.
ಕೊನೆಯ ಕಾ ಬರೆಯುವ ಮುನ್ನ ಬಹಳ ಹೊತ್ತು ತಡೆದ.
ಮಸೀದಿಯಲ್ಲಿ ಕೂಗಿದರು. ಬೀದಿದೀಪ ಹತ್ತಿತು.

ಜೂನಿನಲ್ಲಿ ಹುಡುಗಿಯರು ಬೆರಳಿಟ್ಟು ಓದುತ್ತಾರೆ,
ಅಂಟಾರ್ಟಿಕಾ, ಅಂಟಾರ್ಟಿಕಾ.
ತಿದ್ದುತ್ತೇನೆ. ಒಮ್ಮೊಮ್ಮೆ ಬಿಡುತ್ತೇನೆ.

ಬಿಲ್ಲು ಇನ್ನೂ ಕಡತದಲ್ಲಿದೆ.
ಅಕ್ಷರಕ್ಕೆ ಆರು ರೂಪಾಯಿ, ಒತ್ತಿಗೆ ಎರಡು ಜಾಸ್ತಿ.
ಕೆಳಗೆ ಸಹಿ, ಇಷ್ಟು ವರ್ಷ ನಾನು ಕೇಳದೇ ಇದ್ದ
ಅಡ್ಡಹೆಸರಿನ ಸಮೇತ:
ಬಂದೇನವಾಜ ಹುಸೇನಸಾಬ ಕರಡಿ.